ತಿಮಿಂಗಿಲ ಶಾರ್ಕ್ ತಿಮಿಂಗಿಲವಲ್ಲ, ಬಾಸ್ಕಿಂಗ್ ಶಾರ್ಕ್ ಬಿಸಿಲು ಕಾಯಿಸುವುದಿಲ್ಲ

ಗುಹೆಯಂಥ ಬಾಯಿ ತೆರೆದುಕೊಂಡು ಈಜುವ ಮೀನಿನ ವಿಡಿಯೊ ಮೊನ್ನೆ ಮತ್ತೆ ಕಣ್ಣಿಗೆ ಬಿತ್ತು. ಕೆಳಗೆ 'ಅಪರೂಪದ ತಿಮಿಂಗಿಲ' ಅಂತ ಬರೆದಿತ್ತು. ಯಾರೋ ತಿದ್ದಿದ್ದರು: 'ಅದು ತಿಮಿಂಗಿಲ ಶಾರ್ಕ್'. ಎರಡೂ ತಪ್ಪು. ಅದು ಬಾಸ್ಕಿಂಗ್ ಶಾರ್ಕ್. ಈ ಗೊಂದಲ ನೋಡಿ ನೋಡಿ ಸಾಕಾಗಿದೆ.

ಮೊದಲು ತಿಮಿಂಗಿಲದ ಮಾತು. ಸಂಸ್ಕೃತದ 'ತಿಮಿ' ಒಂದು ಭಾರೀ ಮೀನು. 'ಗಿಲ' ಅಂದರೆ ನುಂಗುವುದು. ತಿಮಿಯನ್ನೇ ನುಂಗುವುದು ತಿಮಿಂಗಿಲ. ಹಿಂದಿನವರು ಅಷ್ಟಕ್ಕೇ ಬಿಡಲಿಲ್ಲ, ಅದನ್ನೂ ನುಂಗುವಂಥದ್ದಕ್ಕೆ ತಿಮಿಂಗಿಲಗಿಲ ಅಂತ ಹೆಸರಿಟ್ಟರು! ಅದಕ್ಕೇ 'ತಿಮಿಂಗಲ' ಅಂತ ಬರೆದಾಗ ನನಗೆ ಬೇಜಾರು. ನುಂಗುವ 'ಗಿಲ'ವೇ ಹೋಯಿತಲ್ವಾ? ಇವತ್ತು ಈ ಪದ ಮರಿಗೆ ಹಾಲೂಡಿಸುವ, ಉಸಿರಿಗಾಗಿ ನೀರಿನ ಮೇಲೆ ಬರುವ ಪ್ರಾಣಿಗೆ ಸಲ್ಲುತ್ತದೆ.

ತಿಮಿಂಗಿಲ ಶಾರ್ಕ್ ಮೀನು. ಕಿವಿರಿನಿಂದ ಉಸಿರಾಡುತ್ತದೆ. ಮೀನುಗಳಲ್ಲೇ ಅತಿ ದೊಡ್ಡದು, 18 ಮೀಟರ್‌ವರೆಗೂ ಬೆಳೆಯಬಲ್ಲದು. ಹೆಸರಿನಲ್ಲಿರುವ 'ತಿಮಿಂಗಿಲ' ಆ ಗಾತ್ರಕ್ಕೆ ಕೊಟ್ಟ ಹೋಲಿಕೆ, ಅಷ್ಟೇ. ಆನೆನೆಗ್ಗಿಲು ಗಿಡ ಅಂದಾಗ ಯಾರೂ ಆನೆ ಹುಡುಕುವುದಿಲ್ಲ. ಇಲ್ಲಿ ಮಾತ್ರ ಯಾಕೆ ಎಡವಬೇಕು? ಅನುಮಾನ ಬಂದರೆ ಬಾಲ ನೋಡಿ. ಶಾರ್ಕಿನ ಬಾಲ ನೆಟ್ಟಗೆ ನಿಂತಿರುತ್ತದೆ, ಎಡಕ್ಕೂ ಬಲಕ್ಕೂ ಬೀಸುತ್ತದೆ. ತಿಮಿಂಗಿಲದ್ದು ಅಡ್ಡಡ್ಡ ಇರುತ್ತದೆ, ಮೇಲಕ್ಕೂ ಕೆಳಕ್ಕೂ ಬಡಿಯುತ್ತದೆ.

ಇನ್ನು ಬಾಸ್ಕಿಂಗ್. ಬಿಸಿಲು ಕಾಯಿಸುವುದು ಅಂತ ಅರ್ಥ. ಈ ಶಾರ್ಕ್ ಬೆನ್ನಿನ ರೆಕ್ಕೆ ನೀರಿನ ಮೇಲೆ ಕಾಣುವಂತೆ ನಿಧಾನಕ್ಕೆ ಸಾಗುತ್ತದೆ. ಕಂಡವರು ಸುಮ್ನೆ ಬಿಸಿಲಿಗೆ ಮೈಯೊಡ್ಡಿದೆ ಅಂದುಕೊಂಡರು. ನಿಜವಾಗಿ ಅದು ಊಟದಲ್ಲಿರುತ್ತದೆ. ಪ್ಲಾಂಕ್ಟನ್, ಅಂದರೆ ನೀರಿನಲ್ಲಿ ತೇಲುವ ಪುಟ್ಟ ಜೀವಿಗಳು, ದಟ್ಟವಾಗಿರುವ ಕಡೆ ಬಾಯಿ ತೆರೆದು ಈಜುತ್ತದೆ. ನುಗ್ಗಿದ ನೀರು ಕಿವಿರಿನ ಬಾಚಣಿಗೆಯಂಥ ಎಳೆಗಳ ನಡುವೆ ಸೋಸಿ ಹೊರಗೆ ಹೋಗುತ್ತದೆ. ಈಜು ನಿಂತರೆ ಊಟವೂ ನಿಂತಿತು. ತಿಮಿಂಗಿಲ ಶಾರ್ಕಿಗೆ ಆ ತೊಂದರೆ ಇಲ್ಲ. ಇದ್ದಲ್ಲೇ ನೆಟ್ಟಗೆ ನಿಂತು ನೀರನ್ನು ಒಳಗೆ ಹೀರಿಕೊಳ್ಳಬಲ್ಲದು.

ಗುರುತು ಹಿಡಿಯುವುದು ಕಷ್ಟವೇ ಅಲ್ಲ. ಚಪ್ಪಟೆ ತಲೆಯ ತುದಿಯಲ್ಲೇ ಬಾಯಿ, ಬೆನ್ನ ತುಂಬ ಬಿಳಿ ಚುಕ್ಕೆ ಇದ್ದರೆ ತಿಮಿಂಗಿಲ ಶಾರ್ಕ್. ಅದು ಬೆಚ್ಚಗಿನ ಕಡಲಿನದು. ಬಾಸ್ಕಿಂಗ್ ಶಾರ್ಕಿಗೆ ತಣ್ಣನೆಯ ನೀರು ಇಷ್ಟ. ಚುಕ್ಕೆ ಇಲ್ಲ, ಮೂತಿ ಚೂಪು. ಕಿವಿರಿನ ಸೀಳುಗಳು ಎಷ್ಟು ಉದ್ದ ಅಂದರೆ ಕುತ್ತಿಗೆಯನ್ನು ಹೆಚ್ಚುಕಡಿಮೆ ಪೂರ್ತಿ ಸುತ್ತಿರುತ್ತವೆ. ಬಾಯಿ ತೆರೆದಾಗ ತಲೆ ಕಳಚಿ ಬೀಳುತ್ತದೇನೋ ಅನ್ನಿಸುತ್ತದೆ. ಇವೆರಡೂ ಹತ್ತಿರದ ಬಳಗವೂ ಅಲ್ಲ. ಬಾಸ್ಕಿಂಗ್ ಶಾರ್ಕ್ ಗ್ರೇಟ್ ವೈಟ್ ಶಾರ್ಕ್ ಗುಂಪಿನದು, ತಿಮಿಂಗಿಲ ಶಾರ್ಕ್ ನರ್ಸ್ ಶಾರ್ಕ್ ಗುಂಪಿನದು.

ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಸಂಸ್ಥೆ ಐಯುಸಿಎನ್‌ನ ಕೆಂಪು ಪಟ್ಟಿಯ ಪ್ರಕಾರ ಎರಡೂ ಅಳಿವಿನ ಅಪಾಯದಲ್ಲಿವೆ. ಹೀಗೆ ಮೇಲೆ ತೇಲಿ ನಿಧಾನಕ್ಕೆ ತಿನ್ನುವ ಮೀನನ್ನು ಕೊಲ್ಲುವುದು ಸುಲಭ. ಐರ್ಲೆಂಡಿನ ಅಕಿಲ್ ದ್ವೀಪದಲ್ಲಿ 1947ರಿಂದ 1975ರವರೆಗೆ 12,000ಕ್ಕೂ ಜಾಸ್ತಿ ಬಾಸ್ಕಿಂಗ್ ಶಾರ್ಕ್‌ಗಳನ್ನು ಹಿಡಿದರು, ಮುಖ್ಯವಾಗಿ ಅವುಗಳ ದೊಡ್ಡ ಯಕೃತ್ತಿನ ಎಣ್ಣೆಗಾಗಿ. ಕೆನಡಾದ ಪಶ್ಚಿಮ ಕರಾವಳಿಯಲ್ಲಿ ಇವು ಮೀನುಗಾರರ ಬಲೆಗೆ ಸಿಕ್ಕಿ ಹಾಳು ಮಾಡುತ್ತವೆ ಅಂತ ಸರ್ಕಾರಿ ದೋಣಿಯ ಮೂತಿಗೇ ಹರಿತವಾದ ಬ್ಲೇಡು ಕಟ್ಟಿ, ಮೇಲೆ ತೇಲುತ್ತಿದ್ದವನ್ನು ಸೀಳಿದರು. ಅಲ್ಲಿ ಈಗ ಒಂದು ಕಂಡರೂ ಸುದ್ದಿಯಾಗುತ್ತದೆ.