ಮ್ಯಾಮೋಗ್ರಾಂನ ಬಿಳಿ ಚುಕ್ಕೆ, ಪಾಪದ ರಾಗಿ

ಮ್ಯಾಮೋಗ್ರಾಂ, ಅಂದರೆ ಸ್ತನದ ಎಕ್ಸ್‌ರೇ. ಅದರ ರಿಪೋರ್ಟಿನಲ್ಲಿ 'ಕ್ಯಾಲ್ಸಿಫಿಕೇಶನ್' (ಕ್ಯಾಲ್ಸಿಯಂ ಕಟ್ಟಿ ಕಾಣುವ ಬಿಳಿ ಚುಕ್ಕೆಗಳು) ಅಂತ ಬರೆದಿದ್ದರೆ ಕೆಲವರು ಮೊದಲು ನಿಲ್ಲಿಸುವುದು ಕ್ಯಾಲ್ಸಿಯಂ ಮಾತ್ರೆಯನ್ನು. ಆಮೇಲೆ ರಾಗಿ, ಹಾಲು. ಪಾಪ, ರಾಗಿ ಏನು ಮಾಡಿತ್ತು? ತಿಂದ ಕ್ಯಾಲ್ಸಿಯಂ ಹೋಗಿ ಸ್ತನದಲ್ಲಿ ಚುಕ್ಕೆಯಾಗಿ ಕೂರುವುದಿಲ್ಲ. ಈ ಚುಕ್ಕೆಗಳಿಗೆ ಕಾರಣ ಸ್ತನದ ಒಳಗೇ ಇರುತ್ತದೆ. ಅವುಗಳಲ್ಲಿ ಬಹುಪಾಲು ಯಾವ ತೊಂದರೆಯನ್ನೂ ಮಾಡುವುದಿಲ್ಲ. ಕೆಲವನ್ನು ಮಾತ್ರ ಬಿಡುವ ಹಾಗಿಲ್ಲ.

ಯಾಕೆಂದರೆ ಅವು ಡಿಸಿಐಎಸ್ (ಡಕ್ಟಲ್ ಕಾರ್ಸಿನೋಮಾ ಇನ್ ಸಿಟು) ಎಂಬ ಆರಂಭದ ಹಂತದ ಸ್ತನ ಕ್ಯಾನ್ಸರಿನ ಗುರುತಾಗಿರಬಹುದು. ಇದರಲ್ಲಿ ಹಾಲಿನ ನಾಳದ ಒಳಗೆ ಕ್ಯಾನ್ಸರ್ ಕೋಶಗಳು ತುಂಬಿಕೊಂಡಿರುತ್ತವೆ, ಆದರೆ ನಾಳದ ಗೋಡೆ ದಾಟಿರುವುದಿಲ್ಲ. ಸಾಮಾನ್ಯವಾಗಿ ಗಂಟೂ ಇಲ್ಲ, ನೋವೂ ಇಲ್ಲ. ಹಾಗಾದರೆ ಎಕ್ಸ್‌ರೇಗೆ ಸಿಗುವುದು ಹೇಗೆ?

ನನಗೆ ಇಷ್ಟವಾಗುವ ಭಾಗ ಇದೇ. ರಕ್ತನಾಳಗಳೆಲ್ಲ ಹಾಲಿನ ನಾಳದ ಹೊರಗಿವೆ. ಆಮ್ಲಜನಕ ಗೋಡೆಯ ಮೂಲಕ ಒಳಕ್ಕೆ ಇಂಗಬೇಕು. ಅದು ಹೋಗುವುದು ಮಿಲಿಮೀಟರಿನ ಹತ್ತನೇ ಒಂದೆರಡು ಭಾಗದಷ್ಟು ದೂರ, ಅಷ್ಟೇ. ಕೋಶಗಳು ಒತ್ತೊತ್ತಾಗಿ ತುಂಬಿದಾಗ ಅಂಚಿನವು ಬದುಕುತ್ತವೆ, ನಡುವಿನವು ಉಸಿರುಗಟ್ಟಿ ಸಾಯುತ್ತವೆ. ಬೇಗ ಬೆಳೆಯುವ ಬಗೆಗಳಲ್ಲಿ ಈ ಸಾವು ಜಾಸ್ತಿ. ಸತ್ತ ಕೋಶಗಳ ರಾಶಿಯ ಮೇಲೆ ಕ್ಯಾಲ್ಸಿಯಂ ಫಾಸ್ಫೇಟ್ ಕಟ್ಟುತ್ತದೆ. ಬೋರ್‌ವೆಲ್ ನೀರಿನ ಪೈಪಿನೊಳಗೆ ಕಟ್ಟಿದ ಸುಣ್ಣ ಪೈಪಿನ ಆಕಾರವನ್ನೇ ತಾಳುತ್ತದಲ್ವಾ, ಹಾಗೆ ಇದೂ ನಾಳದ ಅಚ್ಚಿನಲ್ಲೇ ಗಟ್ಟಿಯಾಗುತ್ತದೆ. ನಾಳ ಕವಲೊಡೆದಲ್ಲಿ ಅದೂ ಕವಲೊಡೆಯುತ್ತದೆ. ಹಾಗಾಗಿ ರೇಡಿಯಾಲಜಿಸ್ಟ್ ಸುಮ್ನೆ ಚುಕ್ಕೆ ಎಣಿಸುವುದಿಲ್ಲ, ಆಕಾರ ಮತ್ತು ಜೋಡಣೆ ನೋಡುತ್ತಾರೆ. ದುಂಡಗಿದ್ದು ಎರಡೂ ಸ್ತನಗಳಲ್ಲಿ ಚೆದುರಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ಸಣ್ಣ ಗೆರೆಗಳಾಗಿ, ಕವಲುಗಳಾಗಿ ಸಾಲುಗಟ್ಟಿದ್ದರೆ ಅನುಮಾನ ಗಟ್ಟಿ.

ಈ ಚುಕ್ಕೆಗಳನ್ನು ಮೊದಲು ಗಮನಿಸಿದವರು ಬರ್ಲಿನ್ನಿನ ಸರ್ಜನ್ ಆಲ್ಬರ್ಟ್ ಸಾಲೋಮನ್. ಆಪರೇಷನ್ನಿನಲ್ಲಿ ತೆಗೆದ ಸುಮಾರು 3000 ಸ್ತನಗಳ ಎಕ್ಸ್‌ರೇ ತೆಗೆದು 1913ರಲ್ಲಿ ಪ್ರಕಟಿಸಿದರು. ಅವರು ಯಹೂದಿ. 1933ರಲ್ಲಿ ನಾಜಿಗಳು ಅವರ ಹುದ್ದೆ ಕಿತ್ತುಕೊಂಡರು. ಅವರ ಮಗಳು, ಚಿತ್ರಕಲಾವಿದೆ ಶಾರ್ಲಟ್, 1943ರಲ್ಲಿ ಆಶ್ವಿಟ್ಜ್‌ನಲ್ಲಿ ಕೊಲ್ಲಲ್ಪಟ್ಟರು. ಮುಂದೆ ಉರುಗ್ವೆಯ ರಾವುಲ್ ಲೆಬೋರ್ನ್ ಈ ಚುಕ್ಕೆಗಳ ಬೆನ್ನು ಹತ್ತಿದರು. ಸ್ತನವನ್ನು ಒತ್ತಿ ಹಿಡಿದರೆ ಚಿತ್ರ ಸ್ಪಷ್ಟವಾಗುತ್ತದೆ ಎಂದು ತೋರಿಸಿದವರೂ ಅವರೇ. ಮ್ಯಾಮೋಗ್ರಾಂ ಮಾಡಿಸುವಾಗ ಹೆಂಗಸರು ಹಲ್ಲು ಕಚ್ಚಿ ಸಹಿಸುತ್ತಾರಲ್ಲ, ಅದೇ ಒತ್ತು.

ಅನುಮಾನ ಬಂದರೆ ಬಯಾಪ್ಸಿ, ಅಂದರೆ ಸೂಜಿಯಿಂದ ಚೂರು ತೆಗೆದು ಪರೀಕ್ಷೆ. ಬೆರಳಿಗೆ ಸಿಗದ ಚುಕ್ಕೆಗೆ ಸೂಜಿ ಇಡುವುದು ಎಲ್ಲಿಗೆ? ಎರಡು ಕೋನಗಳಿಂದ ಎಕ್ಸ್‌ರೇ ತೆಗೆದು ಜಾಗ ಲೆಕ್ಕ ಹಾಕುತ್ತಾರೆ. ಹೊರಬಂದ ಚೂರುಗಳಿಗೂ ಮತ್ತೆ ಎಕ್ಸ್‌ರೇ: ಕ್ಯಾಲ್ಸಿಯಂ ಬಂತಾ, ಇಲ್ವಾ? 'ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತೆ' ಅಂತ ಹೆದರಿಸುವವರು ದಯವಿಟ್ಟು ಸುಮ್ಮನಿರಿ. ಆ ಮಾತು ನಂಬಿ ಪರೀಕ್ಷೆ ಮುಂದೂಡಿದರೆ ಆಗುವ ನಷ್ಟವೇ ದೊಡ್ಡದು.

ಕ್ಯಾಲ್ಸಿಯಂ ಕಟ್ಟದ ಡಿಸಿಐಎಸ್ ಕೂಡ ಇದೆ. ಜರ್ಮನಿಯ ಬಾನ್‌ನಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಡಿಸಿಐಎಸ್ ಇದ್ದ 167 ಮಹಿಳೆಯರ ಪೈಕಿ ಮ್ಯಾಮೋಗ್ರಾಂ ಹಿಡಿದದ್ದು ಶೇ. 56, ಎಂಆರ್‌ಐ ಹಿಡಿದದ್ದು ಶೇ. 92. ಎಂಆರ್‌ಐ ನೋಡುವುದು ಕ್ಯಾಲ್ಸಿಯಂ ಅಲ್ಲ, ರಕ್ತಕ್ಕೆ ಕೊಟ್ಟ ಕಾಂಟ್ರಾಸ್ಟ್ ಎಂಬ ದ್ರವ ಎಲ್ಲಿ ಜಾಸ್ತಿ ಸೇರುತ್ತದೆ ಅನ್ನುವುದನ್ನು.

ಸಿಕ್ಕಿದ್ದನ್ನೆಲ್ಲ ಕತ್ತರಿಸಲೇಬೇಕಾ? ಎಲ್ಲ ಡಿಸಿಐಎಸ್ ನಾಳ ಒಡೆದು ಹೊರಬರುವುದಿಲ್ಲ. ಅಮೆರಿಕದ ಕಾಮೆಟ್ ಪ್ರಯೋಗ ಕಡಿಮೆ ಅಪಾಯದ ಡಿಸಿಐಎಸ್ ಇದ್ದವರನ್ನು ಮಾತ್ರ ಸೇರಿಸಿಕೊಂಡು, ಆಪರೇಷನ್ ಗುಂಪು, ಬರೀ ನಿಗಾ ಇಡುವ ಗುಂಪು ಅಂತ ಎರಡು ಮಾಡಿತು. 2024ರ ಕೊನೆಗೆ ಬಂದ ಫಲಿತಾಂಶ: ಎರಡು ವರ್ಷದಲ್ಲಿ ಹರಡಬಲ್ಲ ಕ್ಯಾನ್ಸರ್ ಕಂಡದ್ದು ಆಪರೇಷನ್ ಗುಂಪಿನಲ್ಲಿ ಶೇ. 5.9, ನಿಗಾ ಇಟ್ಟ ಗುಂಪಿನಲ್ಲಿ ಶೇ. 4.2. ಎರಡು ವರ್ಷ ಚಿಕ್ಕ ಅವಧಿ. ನಿಗಾ ಗುಂಪಿನ ಹಲವರು ಹಾರ್ಮೋನ್ ತಡೆಯುವ ಮಾತ್ರೆಯನ್ನೂ ತೆಗೆದುಕೊಂಡಿದ್ದರು. ನಿಗಾ ಅಂದರೆ ಆರು ತಿಂಗಳಿಗೊಮ್ಮೆ ಮ್ಯಾಮೋಗ್ರಾಂ. ಮನೆಯಲ್ಲಿ ಕಷಾಯ ಕುಡಿಯುತ್ತಾ ಕೂರುವುದನ್ನು ನಿಗಾ ಅನ್ನುವುದಿಲ್ಲ.