ಸ್ವತಂತ್ರ ನಿರ್ದೇಶಕರನ್ನು ಕೂರಿಸುವವರು ಯಾರು, ಎಬ್ಬಿಸುವವರು ಯಾರು?

ಕಂಪನಿ ಕಾನೂನಿನಲ್ಲಿ ಸ್ವತಂತ್ರ ನಿರ್ದೇಶಕರ (ಅಂದರೆ ಕಂಪನಿ ನಡೆಸುವವರ ಕಡೆಯವರಲ್ಲದ, ಅವರ ಮೇಲೆ ಕಣ್ಣಿಡಬೇಕಾದ ನಿರ್ದೇಶಕರ) ಪಾಠವನ್ನು ಎಲ್ಲರೂ ಬಾಯಿಪಾಠ ಮಾಡಿಬಿಡುತ್ತಾರೆ. ಲಿಸ್ಟ್ ಆದ, ಅಂದರೆ ಷೇರುಪೇಟೆಯಲ್ಲಿ ಷೇರು ಕೊಂಡು ಮಾರುವ ಕಂಪನಿಯ ನಿರ್ದೇಶಕ ಮಂಡಳಿಯಲ್ಲಿ ಕನಿಷ್ಠ ಮೂರನೇ ಒಂದು ಭಾಗ ಸ್ವತಂತ್ರ ನಿರ್ದೇಶಕರಿರಬೇಕು (2013ರ ಕಾಯ್ದೆ, ಸೆಕ್ಷನ್ 149). ಅಧ್ಯಕ್ಷರು ಪ್ರಮೋಟರ್ (ಕಂಪನಿ ಕಟ್ಟಿದ, ಅದರ ಹಿಡಿತ ಇರುವವರು) ಕಡೆಯವರಾದರೆ ಷೇರುಪೇಟೆ ನಿಯಂತ್ರಕ ಸೆಬಿ ಪ್ರಕಾರ ಅರ್ಧದಷ್ಟು. ಒಂದು ಅವಧಿ ಹೆಚ್ಚೆಂದರೆ 5 ವರ್ಷ, ಸತತವಾಗಿ ಎರಡೇ ಅವಧಿ, ಸ್ಟಾಕ್ ಆಪ್ಷನ್ (ಮುಂದೆ ನಿಗದಿತ ಬೆಲೆಗೆ ಷೇರು ಕೊಳ್ಳುವ ಹಕ್ಕು) ಇಲ್ಲ. ಇಷ್ಟು ಬರೆದರೆ ಚಿಕ್ಕ ಪ್ರಶ್ನೆಗೆ ಅಂಕ ಸಿಗುತ್ತದೆ. ಆದರೆ ಇದು ತಲೆ ಎಣಿಕೆ ಅಷ್ಟೇ. ತಲೆ ಎಣಿಸಿದರೆ ಏನೂ ತಿಳಿಯಲ್ಲ ಅನ್ನುವುದಕ್ಕೆ ಹೈದರಾಬಾದಿನ ಐಟಿ ಕಂಪನಿ ಸತ್ಯಂ ಸಾಕ್ಷಿ.

2008ರ ಡಿಸೆಂಬರ್ 16ರಂದು ಸತ್ಯಂ ಮಂಡಳಿ, ಕಂಪನಿಯ ಸ್ಥಾಪಕ, ಅಧ್ಯಕ್ಷ ರಾಮಲಿಂಗ ರಾಜು ಕುಟುಂಬದ ಎರಡು ಮೇಟಾಸ್ ಕಂಪನಿಗಳನ್ನು ಸುಮಾರು 160 ಕೋಟಿ ಡಾಲರ್‌ಗೆ ಕೊಳ್ಳಲು ಒಪ್ಪಿತು. ಮಂಡಳಿಯಲ್ಲಿ ಹಾರ್ವರ್ಡ್ ಪ್ರೊಫೆಸರ್ ಇದ್ದರು, ಹೈದರಾಬಾದಿನ ಬಿಸಿನೆಸ್ ಸ್ಕೂಲ್ ಐಎಸ್‌ಬಿ ಡೀನ್ ಇದ್ದರು. ಅದೇ ವರ್ಷ ಕಂಪನಿಗೆ ಒಳ್ಳೆಯ ಆಡಳಿತಕ್ಕೆ ಅಂತ ಪ್ರಶಸ್ತಿ ಬೇರೆ ಬಂದಿತ್ತು! ತಡೆದದ್ದು ಹೂಡಿಕೆದಾರರು, ಅದೂ ಮತ ಹಾಕಿ ಅಲ್ಲ, ಷೇರು ಮಾರಿ. ನ್ಯೂಯಾರ್ಕ್‌ನಲ್ಲಿ ಬೆಲೆ ಅರ್ಧಕ್ಕಿಂತ ಕೆಳಗೆ ಬಿತ್ತು, ಕೆಲವೇ ಗಂಟೆಗಳಲ್ಲಿ ಕಂಪನಿ ಹಿಂದೆ ಸರಿಯಿತು. 2009ರ ಜನವರಿ 7ರಂದು ರಾಜು ಲೆಕ್ಕಪತ್ರವೇ ಸುಳ್ಳು ಎಂದು ಒಪ್ಪಿಕೊಂಡರು.

ಸರಿ, ನಿರ್ದೇಶಕರೊಬ್ಬರು ನಿಜಕ್ಕೂ ಎದುರು ನಿಂತರೆ? 2016ರಲ್ಲಿ ಟಾಟಾ ಸನ್ಸ್ ಅಧ್ಯಕ್ಷ ಸ್ಥಾನದಿಂದ ತೆಗೆಯಲಾದ ಸೈರಸ್ ಮಿಸ್ತ್ರಿ ಅವರ ಪರ ನಿಂತ ಸ್ವತಂತ್ರ ನಿರ್ದೇಶಕ ನುಸ್ಲಿ ವಾಡಿಯಾ ಅವರನ್ನು ಟಾಟಾ ಸ್ಟೀಲ್, ಟಾಟಾ ಮೋಟಾರ್ಸ್, ಟಾಟಾ ಕೆಮಿಕಲ್ಸ್ ಮಂಡಳಿಗಳಿಂದ ಷೇರುದಾರರ ಸಭೆ ಕರೆದು ತೆಗೆಯಲಾಯಿತು. ಸಾಮಾನ್ಯ ನಿರ್ಣಯ ಸಾಕಿತ್ತು, ಅಂದರೆ ಅರ್ಧಕ್ಕಿಂತ ಜಾಸ್ತಿ ಮತ. ಪ್ರಮೋಟರ್ ಕೈಯಲ್ಲಿ ದೊಡ್ಡ ಪಾಲು ಇರುವಾಗ ಅದೇನು ಕಷ್ಟ ಅಲ್ವಾ? ಯಾರು ಸರಿ, ಯಾರು ತಪ್ಪು ಅನ್ನುವ ವಾದಕ್ಕೆ ನಾನು ಹೋಗುವುದಿಲ್ಲ. ಯಾರ ಮೇಲೆ ಕಣ್ಣಿಡಬೇಕೋ ಅವರ ಮತದಿಂದಲೇ ಕುರ್ಚಿ ಉಳಿಯುವುದಾದರೆ, ಅದನ್ನು ಸ್ವಾತಂತ್ರ್ಯ ಅನ್ನುವುದು ಹೇಗೆ ಅನ್ನುವುದಷ್ಟೇ ನನ್ನ ಪ್ರಶ್ನೆ.

2022ರ ಜನವರಿಯಿಂದ ಸೆಬಿ ಇದನ್ನು ಸ್ವಲ್ಪ ಬಿಗಿ ಮಾಡಿದೆ. ಲಿಸ್ಟ್ ಆದ ಕಂಪನಿಯಲ್ಲಿ ಸ್ವತಂತ್ರ ನಿರ್ದೇಶಕರ ನೇಮಕಕ್ಕೆ ವಿಶೇಷ ನಿರ್ಣಯ ಬೇಕು, ಅಂದರೆ ಬಿದ್ದ ಮತದಲ್ಲಿ ಶೇ 75. ಅದು ಬಿದ್ದುಹೋದರೂ ಇನ್ನೊಂದು ದಾರಿ ಇದೆ: ಒಟ್ಟು ಮತದಲ್ಲಿ ಬಹುಮತ, ಜೊತೆಗೆ ಪ್ರಮೋಟರ್ ಅಲ್ಲದವರಲ್ಲೂ ಬಹುಮತ.

ನನ್ನ ಮಟ್ಟಿಗೆ ಇಡೀ ಪಾಠದ ತಿರುಳು ಈ ಮತ ಎಣಿಕೆಯಲ್ಲೇ ಇದೆ. ನಿರ್ಣಯ ಓದುವಾಗ ಎಷ್ಟು ಮತ ಬೇಕು, ಯಾರು ಹಾಕುವಂತಿಲ್ಲ, ಇವೆರಡನ್ನು ಮೊದಲು ನೋಡಿ. ಐಷರ್ ಮೋಟಾರ್ಸ್‌ನಲ್ಲಿ 2021ರಲ್ಲಿ ವ್ಯವಸ್ಥಾಪಕ ನಿರ್ದೇಶಕ ಸಿದ್ಧಾರ್ಥ ಲಾಲ್ ಅವರ ಮರುನೇಮಕ ಮತ್ತು ಸಂಬಳದ ವಿಶೇಷ ನಿರ್ಣಯಕ್ಕೆ ಸುಮಾರು ಶೇ 73 ಮತ ಬಂದರೂ ಅದು ಸೋತಿತು. ನೆಸ್ಲೆ ಇಂಡಿಯಾದ್ದು ಇನ್ನೂ ಚೆನ್ನಾಗಿದೆ. ಸ್ವಿಸ್ ಮಾತೃ ಕಂಪನಿಗೆ ಕೊಡುವ ರಾಯಲ್ಟಿಯನ್ನು (ಬ್ರ್ಯಾಂಡ್, ತಂತ್ರಜ್ಞಾನ ಬಳಸುವುದಕ್ಕೆ ಕೊಡುವ ಹಣ) ಮಾರಾಟದ ಶೇ 4.5ರಿಂದ ಐದು ವರ್ಷದಲ್ಲಿ ಶೇ 5.25ಕ್ಕೆ ಏರಿಸಬೇಕೆಂದು 2024ರಲ್ಲಿ ಮತಕ್ಕೆ ಹಾಕಿದರು. ಅದಕ್ಕೆ ಬೇಕಾಗಿದ್ದು ಬರೀ ಸಾಮಾನ್ಯ ನಿರ್ಣಯ. ಮಾತೃ ಕಂಪನಿಯ ಪಾಲು ಶೇ 62ಕ್ಕೂ ಮೇಲೆ, ಆದರೆ ಹಣ ಅದಕ್ಕೇ ಹೋಗುವುದರಿಂದ ಅದರ ಮತಕ್ಕೆ ಲೆಕ್ಕವಿಲ್ಲ. ಉಳಿದವರು ಬೇಡ ಅಂದರು, ಮುಗೀತು.

ನಮ್ಮ ಬೆಂಗಳೂರಿನ ಇನ್ಫೋಸಿಸ್ ಮಾತ್ರ ಈ ಲೆಕ್ಕಕ್ಕೆ ಸಿಗುವುದಿಲ್ಲ. 2017ರಲ್ಲಿ ಸ್ಥಾಪಕರ ಕುಟುಂಬಗಳ ಕೈಯಲ್ಲಿದ್ದದ್ದು ಸುಮಾರು ಶೇ 13 ಮಾತ್ರ, ಮಂಡಳಿ ಅವರ ಹಿಡಿತದಲ್ಲಿರಲಿಲ್ಲ. ಸ್ಥಾಪಕ ನಾರಾಯಣ ಮೂರ್ತಿಯವರು ಕಂಪನಿಯ ಆಡಳಿತದ ಬಗ್ಗೆ ಬಹಿರಂಗವಾಗಿಯೇ ಪ್ರಶ್ನೆ ಎತ್ತುತ್ತಾ ಹೋದರು. ಆಗಸ್ಟ್ 18ಕ್ಕೆ ಸಿಇಒ ವಿಶಾಲ್ ಸಿಕ್ಕಾ ರಾಜೀನಾಮೆ ಕೊಟ್ಟರು, ಮಂಡಳಿ ಮೂರ್ತಿಯವರನ್ನೇ ದೂರಿತು. ಮ್ಯೂಚುವಲ್ ಫಂಡ್ ನಡೆಸುವವರು ಇನ್ನೊಬ್ಬ ಸ್ಥಾಪಕ ನಂದನ್ ನಿಲೇಕಣಿ ಬರಲಿ ಎಂದು ಪತ್ರ ಬರೆದರು. 24ಕ್ಕೆ ನಿಲೇಕಣಿ ಅಧ್ಯಕ್ಷರಾದರು, ಹಳೆಯ ಅಧ್ಯಕ್ಷ ಶೇಷಸಾಯಿ ಹೊರನಡೆದರು. 18ರಿಂದ 24ರ ನಡುವೆ ಷೇರುದಾರರ ಸಭೆಯೇ ನಡೆದಿರಲಿಲ್ಲ. ಹಾಗಾಗಿ ಷೇರುದಾರರ ಪ್ರಭಾವ ಅಂತ ಪ್ರಶ್ನೆ ಬಂದರೆ ಬರೀ ಮತದ ಹಕ್ಕು ಬರೆದು ನಿಲ್ಲಿಸಬೇಡಿ, ಇದನ್ನೂ ಸೇರಿಸಿ.