ಬರ್ಸ್ಟ್ ಫ್ರ್ಯಾಕ್ಚರ್

ಕಬ್ಬಿನ ಹಂಗಾಮಿನಲ್ಲಿ ಮುಧೋಳ, ಜಮಖಂಡಿ ಕಡೆ ತುಂಬಿದ ಟ್ರೇಲರ್ ಮೇಲಿಂದ ಜಾರಿದವರು, ಹುಣಸೆ ಬಡಿಯಲು ಮರ ಹತ್ತಿ ಬಿದ್ದವರು ಬಾಗಲಕೋಟೆಯ ಆಸ್ಪತ್ರೆ ಸೇರಿದರೆ ಸ್ಕ್ಯಾನ್ ವರದಿಯಲ್ಲಿ ಈ ಪದ ಕಾಣಿಸಬಹುದು. ಬಿದ್ದವರು ಕಾಲೂರಿದಾಗ ಪೆಟ್ಟು ಕೆಳಗಿನಿಂದ ಮೇಲೇರುತ್ತದೆ, ದೇಹದ ಭಾರ ಮೇಲಿನಿಂದ ಒತ್ತುತ್ತದೆ. ನಡುವೆ ಸಿಕ್ಕ ಬೆನ್ನೆಲುಬಿನ ಮಣಿ ಸುತ್ತಲೂ ಒಡೆದು, ಹಿಂಬದಿಯ ಚೂರು ನರಗಳಿರುವ ಕೊಳವೆಯೊಳಗೆ ನುಗ್ಗುತ್ತದೆ. ಹಿಮ್ಮಡಿ ಮುರಿದು ಬಂದವರ ಬೆನ್ನನ್ನೂ ವೈದ್ಯರು ಪರೀಕ್ಷಿಸುವುದು ಇದಕ್ಕೇ.

ಹೆಚ್ಚಾಗಿ ಒಡೆಯುವುದು ಎದೆಯ ಕೊನೆಯ ಮಣಿ ಅಥವಾ ಸೊಂಟದ ಮೊದಲ ಮಣಿ. ಪಕ್ಕೆಲುಬುಗಳ ಬಿಗಿ ಮುಗಿದು, ಬಾಗುವ ಸೊಂಟ ಶುರುವಾಗುವ ಗಡಿ ಅದು. ಬೆನ್ನುಹುರಿ ಮುಗಿಯುವುದೂ ಸುಮಾರು ಅಲ್ಲೇ. ಕೆಳಗೆ ಇರುವುದು ಕುದುರೆಬಾಲದಂತೆ ಇಳಿಬಿದ್ದ ನರಗಳ ಗೊಂಚಲು. ಹುರಿಗಿಂತ ಈ ನರಗಳು ಚೇತರಿಸಿಕೊಳ್ಳುವ ಸಾಧ್ಯತೆ ಹೆಚ್ಚು. ಆದರೆ ಮೂತ್ರ ಕಟ್ಟಿದರೆ, ತೊಡೆಸಂದಿ ಮರಗಟ್ಟಿದರೆ ಬೆಳಗಾಗಲಿ ಎಂದು ಕಾಯುವಂತಿಲ್ಲ.

1983ರಲ್ಲಿ ಶಸ್ತ್ರವೈದ್ಯ ಫ್ರಾನ್ಸಿಸ್ ಡೆನಿಸ್ ಬೆನ್ನೆಲುಬನ್ನು ಮುಂದಿನ, ನಡುವಿನ, ಹಿಂದಿನ ಎಂದು ಮೂರು ಕಂಬಗಳಾಗಿ ವಿಂಗಡಿಸಿದರು. ಬರ್ಸ್ಟ್ ಫ್ರ್ಯಾಕ್ಚರ್‌ನಲ್ಲಿ ಮೊದಲೆರಡು ಕಂಬಗಳು ಕುಸಿದಿರುತ್ತವೆ. ಹಾಗೆಂದು ಎಲ್ಲರಿಗೂ ಆಪರೇಷನ್ ಬೇಕಿಲ್ಲ: ನರಕ್ಕೆ ಪೆಟ್ಟಾಗದೆ, ಹಿಂಬದಿಯ ಕಟ್ಟುನರಗಳು (ಮಣಿಗಳನ್ನು ಬಿಗಿದಿಡುವ ಪಟ್ಟಿಗಳು, ಲಿಗಮೆಂಟ್) ಗಟ್ಟಿಯಾಗಿದ್ದು, ಬೆನ್ನು ಹೆಚ್ಚು ಗೂನಾಗದಿದ್ದರೆ ಬೆನ್ನಿಗೆ ಆಸರೆಯ ಬ್ರೇಸ್ ಕಟ್ಟಿಯೋ, ಕಟ್ಟದೆಯೋ ಎಲುಬು ಕೂಡಿಕೊಳ್ಳುತ್ತದೆ.

ಉಳಿದವರಿಗೆ ನಮ್ಮವರು ‘ರಾಡ್ ಹಾಕಿದ್ದಾರೆ’ ಎನ್ನುವ ಶಸ್ತ್ರಚಿಕಿತ್ಸೆ. ಒಡೆದ ಮಣಿಯ ಮೇಲೂ ಕೆಳಗೂ ಇರುವ ಮಣಿಗಳಿಗೆ ಸ್ಕ್ರೂ ಕೂರಿಸಿ, ಎರಡು ಬದಿಗೂ ಲೋಹದ ರಾಡ್ ಜೋಡಿಸಿ, ಆ ಮಣಿಗಳ ನಡುವಿನ ಅಂತರ ಹಿಗ್ಗಿಸುತ್ತಾರೆ. ಹಾಗೆ ಹಿಗ್ಗಿಸಿದಾಗ ಕಟ್ಟುನರಗಳು ಬಿಗಿದು, ಒಳನುಗ್ಗಿದ ಚೂರು ಎಷ್ಟೋ ವೇಳೆ ತಾನೇ ಹಿಂದೆ ಸರಿಯುತ್ತದೆ. ಸರಿಯದಿದ್ದರೆ ಹಿಂಬದಿಯ ಎಲುಬು ತೆಗೆದು ನರದ ಮೇಲಿನ ಒತ್ತಡ ಇಳಿಸಬೇಕು. ರಾಡ್ ಕೂಡಿಸುವುದು ಎಲುಬನ್ನು, ನರವನ್ನಲ್ಲ. ‘ಆಪರೇಷನ್ ಆದರೂ ಕಾಲು ಬರಲಿಲ್ಲ’ ಎಂಬ ಮನೆಯವರ ಸಿಟ್ಟು ಕೇಳಿದಾಗಲೆಲ್ಲ, ಈ ಮಾತನ್ನು ಮೊದಲೇ ಯಾರೂ ಬಿಡಿಸಿ ಹೇಳಿರಲಿಲ್ಲವೇನೋ ಎನ್ನಿಸುತ್ತದೆ.

ಆಸ್ಪತ್ರೆಗೆ ಮುಂಚಿನ ತಪ್ಪು ಇನ್ನೂ ದುಬಾರಿ. ಬಿದ್ದವರ ರಟ್ಟೆ, ಕಾಲು ಹಿಡಿದೆತ್ತಿ ಜೀಪಿನಲ್ಲಿ ಕೂರಿಸಿದರೆ ಸಡಿಲಗೊಂಡ ಚೂರು ಮತ್ತಷ್ಟು ಒಳಗೆ ಚುಚ್ಚಬಹುದು. ಅಲ್ಲಾಡಿಸದೆ ಮಲಗಿಸಿ 108ಕ್ಕೆ ಕರೆ ಮಾಡಬೇಕು. ಅಪಾಯದ ಜಾಗದಿಂದ ಸರಿಸಲೇಬೇಕಾದರೆ ನಾಲ್ಕೈದು ಜನ ತಲೆ, ಬೆನ್ನು, ಸೊಂಟ ಒಂದೇ ಸಾಲಿನಲ್ಲಿ ಹಿಡಿದು ಹಲಗೆಗೆ ಹೊರಳಿಸಬೇಕು.